ಪಕ್ಕದ ಮೇಜಿಗೆ ಬಂದ ಮೇಲ್

ಹೊರಗೆ ಹೋಗದೆ ಸರ್ವರಿನಲ್ಲೇ ಉಳಿದಿದ್ದ ಮೂವತ್ತೆಂಟು ಮೇಲ್‌ಗಳ ಪಟ್ಟಿಯಲ್ಲಿ ತಂಗಿ ಮೋಕ್ಷಿತಾಳ ಹೆಸರು ಕಂಡಾಗ ಜಿತೇಶನ ಬೆರಳು ಮೌಸಿನ ಮೇಲೆ ನಿಂತಿತು. ಟೀಚರ್ ಕೆಲಸದ ಸಂದರ್ಶನಕ್ಕೆ ಕರೆದ ಪತ್ರ ಅದು. ಸಂದರ್ಶನ ನಿನ್ನೆಯೇ ಮುಗಿದಿತ್ತು.

ಪಾಣೆಮಂಗಳೂರಿನಿಂದ ವಾರಕ್ಕೊಮ್ಮೆ ಮೂಡುಬಿದಿರೆಯ ಈ ಶಾಲೆಯ ಕಂಪ್ಯೂಟರ್ ನೋಡಲು ಬರುವ ಅವನು, ಸೆಟ್ಟಿಂಗಿನಲ್ಲಿ ಒಂದು ಸಾಲು ತಪ್ಪಿದೆ, ಮೇಲ್ ಶಾಲೆಯೊಳಗೆ ಮಾತ್ರ ಹೋಗುತ್ತದೆ, ಹೊರಗಿನವರಿಗೆ ಹೋಗುವುದಿಲ್ಲ ಎಂದು ಹೋದ ವಾರವೇ ಹೇಳಿದ್ದ. ಮ್ಯಾನೇಜರ್ ಶಶಿರಾಜರು ಪಕ್ಕದ ಮೇಜಿನ ದಮಯಂತಿಗೆ ಒಂದು ಮೇಲ್ ಕಳಿಸಿ ನೋಡಿದ್ದರು. "ಬಂತಲ್ಲ ದಮಯಂತಿ? ಮತ್ತೆಂತ ತಪ್ಪು ಮಾರಾಯ? ಒಂಬತ್ತನೇ ಕ್ಲಾಸಿಗೆ ಬಿಟ್ಟವ ನೀನು, ಶಾಲೆಗೇ ಪಾಠ ಮಾಡ್ಬೇಡ."

ನಿನ್ನೆ ಸಂದರ್ಶನಕ್ಕೆ ಬಂದವರು ಇಬ್ಬರೇ, ಶಶಿರಾಜರೇ ಫೋನ್ ಮಾಡಿ ಕರೆದ ಪರಿಚಯದವರು. ಅವರಲ್ಲೊಬ್ಬರಿಗೆ ಕೆಲಸ ಕೊಟ್ಟಾಗಿತ್ತು. "ಈಗ ಅದನ್ನು ಸರಿ ಮಾಡಿ ಎಲ್ಲ ಕಳಿಸಿಬಿಡು," ಎಂದರು ಶಶಿರಾಜರು. "ಕಳಿಸಿದ್ದೇವೆ ಅಂತ ಕಮಿಟಿಗೆ ತೋರಿಸ್ಲಿಕ್ಕುಂಟು."

ಜಿತೇಶ ಆ ಸಾಲು ತಿದ್ದಿ ಗುಂಡಿ ಒತ್ತಿದ. ಪಟ್ಟಿ ಖಾಲಿಯಾಯಿತು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಕಿಸೆಯಲ್ಲಿ ಫೋನ್ ಅದುರಿತು. "ಅಣ್ಣ, ಇಂಟರ್‌ವ್ಯೂಗೆ ಕರೆದಿದ್ದಾರೆ," ಎಂದಳು ಮೋಕ್ಷಿತಾ. "ತಾರೀಕು ಯಾವಾಗಂತ ಇನ್ನೂ ನೋಡ್ಲಿಲ್ಲ. ಮೊದಲು ನಿನಗೆ ಹೇಳುವ ಅಂತ."