ಖಾಲಿ ಶಿಲುಬೆ

"ಅದನ್ನ ಬಿಚ್ಚು," ಎಂದರು ಚರ್ಚಿನ ಸಭಾಪಾಲಕರು.

ಶವಪೆಟ್ಟಿಗೆಯ ಮುಚ್ಚಳಕ್ಕೆ ಖಾಲಿ ಶಿಲುಬೆ ಕೂರಿಸಿ ಕೊನೆಯ ಸ್ಕ್ರೂ ತಿರುಗಿಸುತ್ತಿದ್ದ ಬಡಗಿಯ ಕೈ ನಿಂತಿತು. ಯೇಸುವಿನ ಮೂರ್ತಿಯಿರುವ ಶಿಲುಬೆ ಹಾಕಿದಾಗಲೆಲ್ಲ ಅವನನ್ನು ಗದರಿದವರು ಇವರೇ: "ಆತ ಸಾವಿನಿಂದ ಎದ್ದು ಹೋಗಿ ಎಷ್ಟು ಕಾಲ ಆಯ್ತು, ನೀನಿನ್ನೂ ಮೊಳೆ ಹೊಡೀತಾನೇ ಇದ್ದೀಯಲ್ಲ." ಆ ಮಾತಿಗೆ ಸತ್ತವರ ಮನೆಯವರೂ ಅಳು ಮರೆತು ನಕ್ಕಿದ್ದುಂಟು. ಇವತ್ತಿನ ಪೆಟ್ಟಿಗೆ ಮೂರೂವರೆ ಅಡಿಯದು. ಅದರಲ್ಲಿ ಮಲಗಬೇಕಾದವಳು ಸಭಾಪಾಲಕರ ಮಗಳು.

"ಮೂರ್ತಿ ಇರೋದು ಒಂದೇ ಉಳಿದಿದೆ, ಅಯ್ಯನವರೇ. ಅದಕ್ಕೂ ಒಂದು ಕೈ ಮುರಿದಿದೆ," ಎಂದ ಬಡಗಿ, ತಲೆಯೆತ್ತದೆ.

"ಇರ್ಲಿ, ಅದನ್ನೇ ಹಾಕು."

"ಆತ ಎದ್ದಿದ್ದಾನೆ ಅಂತ ನೀವೇ..."

"ಎದ್ದಿದ್ದಾನೆ. ಭಾನುವಾರ ಮತ್ತೆ ಅದನ್ನೇ ಹೇಳ್ತೀನಿ." ಮುಚ್ಚಳದ ಮೇಲೆ ಉದುರಿದ್ದ ಮರದ ಪುಡಿಯನ್ನು ಅವರು ಅಂಗೈಯಿಂದ ಮೆಲ್ಲಗೆ ಸರಿಸಿದರು, ಮರ ಸ್ವಚ್ಛವಾದ ಮೇಲೂ ಸರಿಸುತ್ತಲೇ ಇದ್ದರು. "ಇವತ್ತು ಮಾತ್ರ, ಸತ್ತು ನೋಡಿದವನು ಅವಳ ಜೊತೆಗಿರ್ಲಿ. ಅವಳಿಗೆ ಒಬ್ಬಳೇ ಎಲ್ಲಿಗೂ ಹೋಗಿ ಅಭ್ಯಾಸ ಇಲ್ಲ."