ಎದೆಯೊಳಗಿನ ಕಲೆ

“ಇನ್ನೊಂದು ಸಲ ಸರಿಯಾಗಿ ನೋಡಿ ಮೇಡಂ. ಇದು ಆಗೋ ಮಾತೇ ಅಲ್ಲ.”

ಕೌಂಟರಿನಾಕೆ ನೋಡಲಿಲ್ಲ. ವರದಿಯನ್ನು ಗಾಜಿನ ಕಿಂಡಿಯಿಂದ ಈಚೆ ತಳ್ಳಿದಳು. ಅನ್‌ಫಿಟ್. ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಕಲೆ. ಪರದೇಶದ ಕೆಲಸಕ್ಕೆ ಹೊರಟವರನ್ನು ತಪಾಸಣೆ ಮಾಡುವ ಆ ಕೇಂದ್ರದಲ್ಲಿ ಅಷ್ಟು ಬರೆದರೆ ಮುಗಿಯಿತು, ವೀಸಾಕ್ಕೆ ಎಳ್ಳುನೀರು.

ವೆಲ್ಡರನ ಪಿತ್ತ ನೆತ್ತಿಗೇರಿತು. ರಕ್ತದಲ್ಲಿ ಏನಾದರೂ ಹುಳುಕು ಸಿಕ್ಕೀತು, ಕಣ್ಣಿನಲ್ಲಿ ಸಿಕ್ಕೀತು ಎಂದು ದಿಗಿಲುಪಟ್ಟಿದ್ದನೇ ಹೊರತು ಎಕ್ಸ್‌ರೇ ಬಗ್ಗೆ ಅವನಿಗೆ ಚಿಂತೆಯೇ ಇರಲಿಲ್ಲ. ಅದಕ್ಕೆ ಬೇಕಾದ ಜಾಗ್ರತೆಯೆಲ್ಲ ಮೊದಲೇ ಆಗಿತ್ತು. ಈಗ ನೋಡಿದರೆ ಅಲ್ಲೇ ಎಡವಟ್ಟು.

ಜಾಗ್ರತೆಗೆ ಕಾರಣವೂ ಇತ್ತು. ವರ್ಷಗಟ್ಟಲೆ ವೆಲ್ಡಿಂಗ್ ಹೊಗೆ ಕುಡಿದ ದೇಹ. ಬೆಳಗ್ಗೆ ಅವನು ಕೆಮ್ಮಿದರೆ ಪಕ್ಕದ ಮನೆಯವರಿಗೆ ಅಲಾರಂ ಬೇಕಿರಲಿಲ್ಲ. ಅದೇ ವರ್ಕ್‌ಶಾಪಿನ ಗೆಳೆಯನೊಬ್ಬನನ್ನು ಎದೆ ಸರಿಯಿಲ್ಲವೆಂದು ಇದೇ ಕೇಂದ್ರದವರು ವಾಪಸು ಕಳಿಸಿದ್ದರು. ಅಂದಿನಿಂದ ವೆಲ್ಡರನಿಗೆ ಸರಿಯಾಗಿ ನಿದ್ದೆ ಬಂದಿರಲಿಲ್ಲ.

ಏಜೆಂಟನಿಗೆ ಫೋನು ಮಾಡಿದ. ಸೇರಿಸಿಕೊಳ್ಳುವಾಗ ಜೇನು ಸುರಿಸಿದ್ದ ಬಾಯಿ ಅದು. ಅಲ್ಲಿಗೆ ಹೋದರೆ ಕಂಪನಿಯದೇ ವಿಮೆ, ಆಸ್ಪತ್ರೆಗೆ ಬಿಡಿಗಾಸೂ ಬಿಚ್ಚಬೇಕಾಗಿಲ್ಲ, ಸಂಬಳ ನೇರ ಊರಿನ ಖಾತೆಗೆ ಎಂದೆಲ್ಲ ಹೇಳಿದ್ದ. ಈಗ ಬೇರೆಯೇ ರಾಗ. ಕಾಯಿಲೆ ಹೊತ್ತುಕೊಂಡು ಹೋಗುವವರಿಗೆ ವಿಮೆ ಕೊಡಲು ಅವರಿಗೇನು ಹುಚ್ಚೇ ಎಂದ. ಕಟ್ಟಿದ ಹಣದ ಮಾತೆತ್ತಿದರೆ, ಅದು ವಾಪಸು ಬರುವುದಿಲ್ಲವೆಂದು ಮೊದಲೇ ಹೇಳಿದ್ದೆನಲ್ಲ ಎಂದು ಫೋನಿಟ್ಟ.

ಆ ಹಣ ವೆಲ್ಡರನದಾಗಿದ್ದರೆ ಹಾಳಾಗಿ ಹೋಗಲಿ ಎಂದು ಅವನು ಮನೆಗೆ ಹೋಗುತ್ತಿದ್ದನೇನೋ. ಅದು ತಮ್ಮನದು. ತಮ್ಮ ಗೋದಾಮಿನಲ್ಲಿ ಮೂಟೆ ಹೊರುವವನು, ಗುಂಡುಕಲ್ಲಿನಂಥ ಆಳು. ಸ್ವಂತಕ್ಕೊಂದು ಗೂಡ್ಸ್ ಆಟೊ ಕೊಳ್ಳಬೇಕೆಂದು ಕೂಡಿಟ್ಟದ್ದನ್ನೆಲ್ಲ ತಂದು ಅಣ್ಣನ ಕೈಗಿಟ್ಟಿದ್ದ. ಸಾಲದ್ದಕ್ಕೆ ಎರಡೆರಡು ಪಾಳಿ ದುಡಿದ. ಈಚೆಗೆ ಕೊಂಚ ಇಳಿದಿದ್ದ, ಸಂಜೆ ಬಂದವನೇ ಊಟವನ್ನೂ ಮಾಡದೆ ಹೊದ್ದು ಮಲಗುತ್ತಿದ್ದ. ನೀನು ಅಲ್ಲಿಂದ ಕಳಿಸೋಕೆ ಶುರು ಮಾಡು, ಆಮೇಲೆ ನಾನು ಹಾಯಾಗಿ ಮಲಗ್ತೀನಿ ಎಂದು ನಗುತ್ತಿದ್ದ. ಅವನಿಗೆ ಯಾವ ಮುಖ ತೋರಿಸುವುದು?

ವೆಲ್ಡರ್ ನೇರ ಡಾಕ್ಟರಮ್ಮನ ಕೋಣೆಗೆ ನುಗ್ಗಿದ. ಆಕೆ ಬೈಯಲಿಲ್ಲ, ಕೂರಿಸಿ ವಿಚಾರಿಸಿದಳು. ಸಂಜೆ ಜ್ವರ ಬರುತ್ತದೆಯೇ, ತೂಕ ಇಳಿದಿದೆಯೇ, ಊಟ ಸೇರುತ್ತದೆಯೇ? ಎಲ್ಲಕ್ಕೂ ಅವನದು ಸಿಡುಕಿನ ಉತ್ತರ. ಜ್ವರವಿಲ್ಲ, ಹೊಟ್ಟೆ ಬಂದಿದೆ, ಕೊಟ್ಟರೆ ಇಬ್ಬರ ಊಟ ಮಾಡುತ್ತೇನೆ. ಆಕೆ ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಆಲಿಸಿದಳು. ಮತ್ತೆ ಬೆಳಕಿಗೆ ಹಿಡಿದು ಫಿಲ್ಮ್ ನೋಡಿದಳು. ಅವಳ ಹುಬ್ಬು ಗಂಟಿಕ್ಕಿತು.

“ಈಗಲೇ ಇನ್ನೊಂದು ಎಕ್ಸ್‌ರೇ ತೆಗೆಸ್ಕೊಂಡು ಬನ್ನಿ.”

“ನಾಳೆ ಬರ್ತೀನಮ್ಮ.”

“ನಾಳೆ ಯಾಕೆ? ಫೈಲು ಇವತ್ತೇ ಹೋಗುತ್ತೆ. ಮಾಡಿಸೋದಾದ್ರೆ ಈಗ, ಇಲ್ಲಾಂದ್ರೆ ಇಲ್ಲ.”

ಅವನು ಒಲ್ಲದ ಮನಸ್ಸಿನಿಂದ ಎದ್ದ. ಬೇರೆ ದಾರಿ ಇರಲಿಲ್ಲ. ಎಕ್ಸ್‌ರೇ ಕೋಣೆ ಎಲ್ಲಿ ಎಂದು ನೆಲ ಒರೆಸುತ್ತಿದ್ದವಳನ್ನು ಕೇಳಿಕೊಂಡು ಹೋದ. ಒಳಗೆ ಗದ್ದ ಎಲ್ಲಿ ಇಡಬೇಕು, ಭುಜ ಹೇಗೆ ತಿರುಗಿಸಬೇಕು ಒಂದೂ ತಿಳಿಯದೆ ಪೆಚ್ಚಾಗಿ ನಿಂತ. ಒಂದು ಸಲ ತೆಗೆಸಿಕೊಂಡವರು ಹೀಗೆ ಬೆದರುವುದುಂಟೇ ಎಂದು ತಂತ್ರಜ್ಞ ಗೊಣಗಿ ತಾನೇ ಭುಜ ಒತ್ತಿ ನಿಲ್ಲಿಸಿದ. ಉಸಿರು ಹಿಡಿಯಿರಿ ಎಂದಾಗ ವೆಲ್ಡರ್ ಕೆಮ್ಮಿದ. ಮೂರನೆಯ ಸಲಕ್ಕೆ ಹೇಗೋ ಹಿಡಿದ.

ಬೆಂಚಿನ ಮೇಲೆ ಕಾಯುತ್ತ ಅವನು ಎಲ್ಲರನ್ನೂ ಶಪಿಸಿದ. ಏಜೆಂಟನನ್ನು, ಕೌಂಟರಿನಾಕೆಯನ್ನು, ದುಡಿಯುವ ಮೈಗೆ ಸರ್ಟಿಫಿಕೇಟು ಕೇಳುವ ದೇಶವನ್ನು, ಕೊನೆಗೆ ತನ್ನ ಕೆಮ್ಮನ್ನೂ. ಅಷ್ಟರಲ್ಲಿ ಡಾಕ್ಟರಮ್ಮ ಕರೆಸಿದಳು.

ಆಕೆ ಹೊಸ ಫಿಲ್ಮನ್ನು ಬೆಳಕಿಗೆ ಹಿಡಿದು ನಗುತ್ತಿದ್ದಳು. ಕಲೆಯ ಸುಳಿವೇ ಇಲ್ಲ. ಕೆಮ್ಮು ಗಂಟಲಿನದು, ಎದೆ ಕನ್ನಡಿಯಂತಿದೆ ಎಂದಳು. ತಮ್ಮವರಿಂದಲೇ ತಪ್ಪಾಗಿದೆ, ಯಾರದೋ ಫಿಲ್ಮು ಇವನ ಲಕೋಟೆಗೆ ಸೇರಿದೆ ಎಂದು ಆಕೆ ಅವನ ಕ್ಷಮೆ ಕೇಳಿದಳು. ಅನ್‌ಫಿಟ್ ಎಂಬುದನ್ನು ಹೊಡೆದುಹಾಕಿ ಫಿಟ್ ಎಂದು ಬರೆದು ಸಹಿ ಮಾಡಿದಳು. ವೆಲ್ಡರನಿಗೆ ಕುಣಿಯಬೇಕೆನಿಸಿತು. ಇಷ್ಟಕ್ಕೆ ಇಷ್ಟೆಲ್ಲ ಗೋಳು ಹುಯ್ದುಕೊಂಡರಲ್ಲ ಎಂದು ಸಿಟ್ಟೂ ಬಂತು. ಹಣ ಉಳಿಯಿತು, ಕೆಲಸ ಉಳಿಯಿತು. ತಮ್ಮನ ಆಟೊ ಇನ್ನೊಂದು ವರ್ಷದಲ್ಲಿ ಮನೆ ಮುಂದೆ ನಿಂತೀತು.

ಕಾಗದ ಮಡಚಿ ಜೇಬಿಗಿಟ್ಟು ಅವನು ಎದ್ದ. ಡಾಕ್ಟರಮ್ಮ ಮಾತ್ರ ಹಳೆಯ ಫಿಲ್ಮನ್ನು ಕೆಳಗಿಟ್ಟಿರಲಿಲ್ಲ.

“ನೀವು ಬಚಾವಾದ್ರಿ. ಇದು ಯಾರದೋ ಪಾಪ, ಕ್ಷಯ ಚೆನ್ನಾಗೇ ಹಿಡಿದಿದೆ. ಬೇಗ ಔಷಧಿ ಶುರು ಮಾಡಿದ್ರೆ ವಾಸಿಯಾಗುತ್ತೆ. ಆದ್ರೆ ಅವನು ತಾನು ಗಟ್ಟಿಯಾಗಿದೀನಿ ಅಂದ್ಕೊಂಡು ಎಲ್ಲೋ ದುಡೀತಾ ಇರ್ತಾನೆ. ಅವನನ್ನ ಎಲ್ಲಿ ಅಂತ ಹುಡುಕೋದು?”

ಅಣ್ಣನ ಅಂಗಿ ತೊಟ್ಟು, ಅಣ್ಣನ ಹೆಸರು ಕೂಗಿದಾಗ ಎದ್ದು ಹೋಗಿ, ಅಣ್ಣನ ಬದಲು ಆ ಯಂತ್ರಕ್ಕೆ ಎದೆಯೊಡ್ಡಿ ಬಂದಿದ್ದವನು ಹೊರಗೆ ಗೇಟಿನ ಬಳಿ ಬೈಕಿನ ಮೇಲೆ ಕೂತು ಅಣ್ಣನಿಗಾಗಿ ಕಾಯುತ್ತಿದ್ದ.