ಏಳನೇ ಜಾಡಿ

ಮೂರನೇ ಜಾಡಿಯ ಮುಚ್ಚಳ ತೆಗೆದವಳೇ ಅವಳು ಕುರ್ಚಿಸಮೇತ ಒಂದು ಗೇಣು ಹಿಂದೆ ಸರಿದಳು.

"ಅಯ್ಯಪ್ಪಾ! ಯಾರದಿದು? ಬನಿಯನ್ನು ಎರಡು ದಿನ ತೊಡಿ ಅಂದ್ರೆ ಎರಡು ಜನ್ಮ ತೊಟ್ಟಿದಾರೆ."

ಮೇಷ್ಟ್ರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮೂರನೆಯದು ಕಾಲೇಜಿನ ರಸಾಯನಶಾಸ್ತ್ರದವನದು. ಹಾಳೆಯಲ್ಲಿ ಸೊನ್ನೆ ಬರೆದರು. ಬೇಕೆಂದೇ ತುಸು ದೊಡ್ಡದಾಗಿ, ದುಂಡಗೆ.

ಮೇಷ್ಟ್ರು ಕಾಲೇಜಿನಲ್ಲಿ ಜೀವವಿಕಾಸ ಪಾಠ ಮಾಡುತ್ತಿದ್ದರು. ಹುಡುಗರು ಇಟ್ಟ ಹೆಸರು 'ಜೀನ್ಸ್ ಮೇಷ್ಟ್ರು'. ತೊಡುತ್ತಿದ್ದುದು ಮಾತ್ರ ಗೆರೆ ಮುರಿಯದ ಇಸ್ತ್ರಿ ಪ್ಯಾಂಟು. ಪ್ರೀತಿಸುವವರನ್ನು ಕಂಡರೆ ಅವರಿಗಾಗದು. ಮರದ ಕೆಳಗೆ ಜೋಡಿ ಕೂತಿದ್ದರೆ ಸಾಕು, ನಿಂತು, ಮೂಗಿನಲ್ಲಿ ಹುಡುಗನ ದನಿ ತೆಗೆಯುತ್ತಿದ್ದರು: "'ನೀನಿಲ್ಲದೆ ನಾನು ಬದುಕಲಾರೆ!' ಕಪ್ಪೆಯೂ ಅದನ್ನೇ ಕಣಯ್ಯಾ ವಟಗುಟ್ಟೋದು. ಹೃದಯವಂತೆ, ಹೃದಯ! ಆರಿಸೋದು ಹೆಣ್ಣಿನ ಮೂಗು."

ತನ್ನಲ್ಲಿಲ್ಲದ ರೋಗನಿರೋಧಕ ಜೀನು ಯಾವ ಗಂಡಸಿನ ಬೆವರಿನಲ್ಲಿ ಸುಳಿವು ಕೊಡುತ್ತದೋ ಅವನೇ ಹೆಣ್ಣಿಗೆ ಚೆಂದ, ಉಳಿದದ್ದೆಲ್ಲ ಕವಿಗಳ ಗಿಲೀಟು ಎಂಬುದು ಅವರ ವಾದ. ತಮ್ಮನ್ನು ಹನ್ನೊಂದು ಜನ ಹೆಣ್ಣುಗಳು ಒಲ್ಲೆ ಎಂದದ್ದಕ್ಕೂ ಕಾರಣ ಸಿದ್ಧವಿತ್ತು: ಹನ್ನೊಂದು ಮೂಗಿಗೂ ನೆಗಡಿ.

ಹನ್ನೆರಡನೆಯವಳು ಇವಳು. ಸೋಪಿನ ಕಾರ್ಖಾನೆಯಲ್ಲಿ ಮೂಸುವುದೇ ಇವಳ ಕೆಲಸ. ಇವಳು ಮೂಸಿ ಹೂಂ ಅಂದರೆ ಸರಕು ಹೊರಗೆ, ಊಹೂಂ ಅಂದರೆ ಮತ್ತೆ ಹಂಡೆಗೆ. ಮೇಷ್ಟ್ರ ಅಕ್ಕ ಹುಡುಕಿ ತಂದ ಸಂಬಂಧ. ಎರಡನೇ ಭೇಟಿಯಲ್ಲಿ ಮೇಷ್ಟ್ರು ಗಡಿಯಾರದ ಒಂದು ಸುತ್ತು ಮೂಗಿನ ಮಹಿಮೆ ಹೇಳಿದ್ದರು. ಅವಳು ಆಕಳಿಕೆ ಮುಗಿಸಿ ಹೇಳಿದ್ದಳು:

"ಹಾಗಾದ್ರೆ ಪರೀಕ್ಷೆ ಇಟ್ಟುಬಿಡಿ. ನನ್ನ ಮೂಗು ಯಾವುದನ್ನ ಆರಿಸುತ್ತೋ ಅದರ ಜೊತೆಗೇ ನನ್ನ ಬಾಳ್ವೆ. ನಿಮ್ಮದಲ್ಲ ಅಂದ್ರೆ ನನ್ನ ಬೆನ್ನು ಬಿಡಬೇಕು."

ಮೇಷ್ಟ್ರು ಅಂಗಡಿಯಿಂದ ಒಂದು ಡಬ್ಬ ತಂದರು. ಒಳಗೆ ಎಂಟು ಬಿಳಿ ಬನಿಯನ್ನು. ಸಹೋದ್ಯೋಗಿಗಳಿಗೆ ಆರು, ತಮಗೊಂದು, ಇನ್ನೊಂದು ಡಬ್ಬದಲ್ಲೇ ಉಳಿಯಿತು. ಎರಡು ದಿನ ಸೋಪಿಲ್ಲ, ಸೆಂಟಿಲ್ಲ, ಈರುಳ್ಳಿಯಿಲ್ಲ. "ಒಗೀಬೇಡ" ಎಂದು ಅಕ್ಕನಿಗೆ ಮೂರು ಸಲ ಹೇಳಿದ್ದರು. ಬೆಳಿಗ್ಗೆ ಪ್ರಯೋಗಾಲಯದಲ್ಲಿ ಚೀಲ ತೆರೆದರೆ ಅಕ್ಕ ಎಂದಿನಂತೆ ಬನಿಯನ್ನನ್ನು ಅಂಚಿಗೆ ಅಂಚು ಕೂಡಿಸಿ ಮಡಿಸಿಟ್ಟಿದ್ದಳು. ಇಕ್ಕಳದಲ್ಲಿ ಎತ್ತಿ ಏಳನೇ ಜಾಡಿಗೆ ಇಳಿಸಿದರು. ಮೂಸಲಿಲ್ಲ. ತನ್ನ ವಾಸನೆ ತನಗೆ ತಿಳಿಯದು ಎಂಬುದೂ ಅವರದೇ ಪಾಠ.

"ನಾಲ್ಕನೆಯವರು ಕದ್ದು ಸಿಗರೇಟು ಸೇದ್ತಾರೆ" ಎಂದಳು. ಗ್ರಂಥಪಾಲ. ಸರಿಯಾಗಿತ್ತು.

"ಐದು, ಮಗುವಿನ ಪೌಡರ್. ಅಲ್ಲಾ, ಮದುವೆ ಆದವರನ್ನೂ ಸೇರಿಸಿದೀರಾ?"

"ಲೆಕ್ಕ ತುಂಬಬೇಕಲ್ಲ" ಎಂದರು ಮೇಷ್ಟ್ರು.

ಆರನೆಯದಕ್ಕೆ ಬರೀ ತಲೆಯಾಡಿಸಿದಳು. ಏಳನೆಯದನ್ನು ಮೂಸಿದಳು. ಮತ್ತೆ ಮೂಸಿದಳು. ಹೊರಗೆಳೆದು ಕಿಟಕಿಯ ಬೆಳಕಿಗೆ ಹಿಡಿದಳು. ತುಟಿಯ ತುದಿ ಅಲುಗಿತು. ಮೇಷ್ಟ್ರ ಪೆನ್ನು ಬೆವರಿತು.

"ಇವರು ಬಹಳ ಒಳ್ಳೆಯವರು. ಸಿಗರೇಟಿಲ್ಲ, ಸಿಡುಕಿಲ್ಲ. ಯಾರನ್ನೂ ಆಡಿಕೊಳ್ಳಲ್ಲ, ಗಂಟೆಗಟ್ಟಲೆ ಕೊರೆಯಲ್ಲ. ಹತ್ತಕ್ಕೆ ಹತ್ತು ಹಾಕಿ. ಇವರ ಜೊತೆ ಜೀವನಪೂರ್ತಿ ನೆಮ್ಮದಿಯಾಗಿರ್ತೀನಿ."

ಕೊರೆಯುವ ಮಾತು ರಸಾಯನಶಾಸ್ತ್ರದವನಿಗೆ ಬಿದ್ದ ಏಟು ಎಂದುಕೊಂಡು ಮೇಷ್ಟ್ರು ಎದ್ದು ನಿಂತರು. "ಅದು ನಾನೇ!"

ಅವಳು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನೀವಾ? ಖಂಡಿತಾನಾ?"

"ನನ್ನ ಕೈಯಾರೆ ಹಾಕಿದ್ದು."

"ನಿಮ್ಮ ಬಟ್ಟೆಬರೆ ಎಲ್ಲ ಯಾರು ನೋಡಿಕೊಳ್ಳೋದು?"

"ಅಕ್ಕ. ಒಂದು ಸುಕ್ಕು ಕಂಡರೂ ಸಹಿಸೋಳಲ್ಲ."

"ಹಾಗಾದ್ರೆ ಮೊದಲು ನಿಮ್ಮಕ್ಕನ್ನ ಒಂದು ಮಾತು ಕೇಳಿ. ನಾನಂತೂ ಕೊಟ್ಟ ಮಾತಿಗೆ ತಪ್ಪೋಳಲ್ಲ." ಬ್ಯಾಗು ಹೆಗಲಿಗೇರಿಸಿ, ನಗು ಒಳಗೇ ನುಂಗುತ್ತ ಹೊರಟುಹೋದಳು.

ಹಿರಿಯರನ್ನು ಕೇಳಬೇಕೆಂಬ ಸಂಸ್ಕಾರ! ಮೇಷ್ಟ್ರು ಉಬ್ಬಿಹೋದರು. ದಾರಿಯಲ್ಲಿ ರಸಾಯನಶಾಸ್ತ್ರದವನನ್ನು ತಡೆದು, "ವಿಕಾಸ ನಿನ್ನ ಕೈಬಿಟ್ಟಿದೆ ಕಣಯ್ಯಾ" ಎಂದು ಬೆನ್ನು ತಟ್ಟಿದರು. ಮನೆ ಮುಟ್ಟಿದಾಗ ಅಕ್ಕ ಹೊಸ್ತಿಲಲ್ಲಿ ಕೂತು ನೆಲ ಒರೆಸುತ್ತಿದ್ದಳು.

"ಅಕ್ಕಾ, ದಿನ ಗೊತ್ತು ಮಾಡು! ಏಳು ಜನರಲ್ಲಿ ನನ್ನ ಬನಿಯನ್ನನ್ನೇ ಮೂಸಿ ಒಪ್ಪಿದಳು!"

ಅಕ್ಕ ಸೊಂಟ ನೆಟ್ಟಗೆ ಮಾಡಿ, ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಮೂಗಿನಿಂದ ಒಂದು ಮೊಳ ದೂರ ಹಿಡಿದಳು. "ನಿನ್ನದು ಇಲ್ಲೇ ಇದೆಯಲ್ಲೋ. ಒಗೀಬೇಡ ಅಂದೆ, ಒಗೀಲಿಲ್ಲ. ಈ ನಾತ ಹೊತ್ತುಕೊಂಡು ಹೋದ್ರೆ ಇವಳೂ ಓಡಿಹೋಗ್ತಾಳೆ ಅಂತ, ಡಬ್ಬದಲ್ಲಿ ಉಳಿದಿತ್ತಲ್ಲ, ಯಾರೂ ತೊಡದೇ ಇದ್ದದ್ದು, ಅದನ್ನ ಮಡಿಸಿ ನಿನ್ನ ಚೀಲಕ್ಕೆ ಹಾಕಿದ್ದೆ."